ಎಂಟು ರೂಪಾಯಿ ರೊಟ್ಟಿ, ಆರು ರೂಪಾಯಿ ರೊಟ್ಟಿ



ನಾನು ಹುಬ್ಬಳ್ಳಿಯವಳು. ಜೋಳದ ಕಟಕ ರೊಟ್ಟಿ ಮಾಡಿ ಮಾರುತ್ತೇನೆ. ನಾಲ್ಕು ವರ್ಷದ ಹಿಂದೆ ಮನೆಯ ಹಿತ್ತಲಲ್ಲಿ ಎರಡು ಒಲೆ ಹಾಕಿಕೊಂಡು, ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಶುರು ಮಾಡಿದೆ. ದಿನಕ್ಕೆ 400 ರೊಟ್ಟಿ, ತಿಂಗಳಲ್ಲಿ 25 ದಿನ ಕೆಲಸ. ಕಿರಾಣಿ ಅಂಗಡಿಗಳಿಗೆ 8 ರೂಪಾಯಿಗೆ ಒಂದರಂತೆ ಕೊಡುತ್ತಿದ್ದೆ, ಅವರು 10 ರೂಪಾಯಿಗೆ ಮಾರುತ್ತಿದ್ದರು. ಎಲ್ಲ ಖರ್ಚು ಕಳೆದು ತಿಂಗಳಿಗೆ 24,000 ರೂಪಾಯಿ ಕೈಯಲ್ಲಿ ಉಳಿಯುತ್ತಿತ್ತು.

ಹೋದ ವರ್ಷ ಹಾಸ್ಟೆಲುಗಳಿಗೆ ಊಟ ಒದಗಿಸುವ ಗುತ್ತಿಗೆದಾರರೊಬ್ಬರು ಬಂದು, ದಿನಾ 400 ರೊಟ್ಟಿ ಬೇಕು, ಆದರೆ 6 ರೂಪಾಯಿಗೆ ಕೊಡಬೇಕು ಎಂದರು. ಹಿಟ್ಟು, ಕೂಲಿ, ಗ್ಯಾಸು ಕೂಡಿಸಿ ನೋಡಿದೆ, ರೊಟ್ಟಿಗೆ 4 ರೂಪಾಯಿ 60 ಪೈಸೆ ಬಂತು. 1 ರೂಪಾಯಿ 40 ಪೈಸೆ ಉಳಿದರೆ ತಿಂಗಳಿಗೆ 14,000. ಮನೆಯಲ್ಲಿ ಜಾಗ ಸಾಲದೆ ಶೆಡ್ ಹಿಡಿದೆ. ಬಾಡಿಗೆ 9,000, ಒಲೆ, ಹಂಚು, ಕಪಾಟುಗಳಿಗೆ ಮಾಡಿದ ಸಾಲದ ಕಂತು 4,000, ಕರೆಂಟು, ನೀರಿಗೆ 1,000 ಹೆಚ್ಚಿಗೆ. ಅದೂ 14,000. ಶೆಡ್ಡಿನ ಖರ್ಚನ್ನು ಈ ಆರ್ಡರು ದುಡಿದುಕೊಳ್ಳುತ್ತದೆ, ಮುಂದೆ ಬರುವುದೆಲ್ಲ ಲಾಭ ಎಂದುಕೊಂಡೆ.

ಈಗ ತಿಂಗಳಿಗೆ 20,000 ರೊಟ್ಟಿ ಹೋಗುತ್ತದೆ. ಮಾರಾಟ 80,000ದಿಂದ 1,40,000ಕ್ಕೆ ಏರಿದೆ. ಆದರೆ ಕೈಗೆ 16,000 ಸಿಕ್ಕರೆ ದೊಡ್ಡದು. ಗುತ್ತಿಗೆದಾರರು ದುಡ್ಡು ಕೊಡುವುದು ಎರಡು ತಿಂಗಳಿಗೊಮ್ಮೆ. ಜೋಳ ತರಲು 60,000 ಕೈಗಡ ತಂದಿದ್ದೇನೆ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. "ಧಂದೆ ದೊಡ್ಡದಾಗೇತಿ, ರೊಕ್ಕ ಮಾತ್ರ ಕಾಣವಲ್ದು" ಅಂತಾರೆ ನಮ್ಮ ಮನೆಯವರು.

ಈಗ ಗುತ್ತಿಗೆದಾರರು ದಿನಕ್ಕೆ 800 ರೊಟ್ಟಿ ತಗೊಳ್ಳುತ್ತೇನೆ, ಆದರೆ ಎಲ್ಲಕ್ಕೂ ಐದೂವರೆ ರೂಪಾಯಿ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ? ಬಡಿಯುವವರ ಕೂಲಿ ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆಯೇ? ರೊಟ್ಟಿ ಮಷಿನ್ನಿಗೆ ಸಬ್ಸಿಡಿ ಇದೆಯಂತೆ, ತಗೊಳ್ಳಲೇ? ಇನ್ನೊಂದು ಮಾತು: ಫೋನಿನಲ್ಲಿ ದುಡ್ಡು ತಗೊಂಡರೆ ತೆರಿಗೆ ನೋಟಿಸು ಬರುತ್ತದೆ ಎಂದು ಹೆದರಿಸುತ್ತಾರೆ, ನಿಲ್ಲಿಸಿಬಿಡಲೇ?

– ಹುಬ್ಬಳ್ಳಿಯ ಓದುಗರು

ತಂಗೀ,

ಐದೂವರೆ ರೂಪಾಯಿಯ ಮಾತಿಗೆ ಒಪ್ಪಬೇಡಿ. ಕೂಲಿ ಇಳಿಸಬೇಡಿ. ಮಷಿನ್ನಿನ ಯೋಚನೆ ಸದ್ಯಕ್ಕೆ ಬದಿಗಿಡಿ. ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸುವ ಅಗತ್ಯವೇ ಇಲ್ಲ. ನೀವು ಕಾಗದದ ಜೊತೆ ಖರ್ಚಿನ ಪಟ್ಟಿಯನ್ನೂ ಕಳಿಸಿದ್ದರಿಂದ ಇಷ್ಟು ಖಂಡಿತವಾಗಿ ಹೇಳಲು ಸಾಧ್ಯವಾಯಿತು. ವ್ಯಾಪಾರದ ಚಿಂತೆ ಬರೆಯುವವರಲ್ಲಿ ಹೆಚ್ಚಿನವರು ಚಿಂತೆಯನ್ನು ಬರೆಯುತ್ತಾರೆ, ಲೆಕ್ಕ ಬರೆಯುವುದಿಲ್ಲ. ನೀವು ಗ್ಯಾಸ್ ಸಿಲಿಂಡರು ಎಷ್ಟು ರೊಟ್ಟಿಗೆ ಬರುತ್ತದೆ ಎನ್ನುವವರೆಗೆ ಬರೆದಿದ್ದೀರಿ. ಅದನ್ನೇ ಹಿಡಿದು ಮಾತಾಡೋಣ.

ಮೊದಲು ಖರ್ಚನ್ನು ಎರಡು ಗುಂಪು ಮಾಡಿಕೊಳ್ಳಿ. ರೊಟ್ಟಿ ಮಾಡಿದರೆ ಮಾತ್ರ ಬರುವ ಖರ್ಚು ಒಂದು. ರೊಟ್ಟಿ ಮಾಡಲಿ ಬಿಡಲಿ, ತಿಂಗಳು ತುಂಬಿದ ಕೂಡಲೆ ಬಾಗಿಲಿಗೆ ಬಂದು ನಿಲ್ಲುವ ಖರ್ಚು ಇನ್ನೊಂದು. ನಿಮ್ಮ ತಿಂಗಳ ಖರ್ಚು ಹೀಗಿದೆ: ಬಾಡಿಗೆ 9,000, ಕಂತು 4,000, ಕರೆಂಟು ಮತ್ತು ನೀರು 1,500, ಅಂಗಡಿಗಳಿಗೆ ತಿರುಗುವ ಗಾಡಿಯ ಪೆಟ್ರೋಲು 3,000, ಫೋನು, ಸಾಬೂನು, ರಿಪೇರಿ, ಚಿಲ್ಲರೆ 2,500. ಒಟ್ಟು 20,000. ಮನೆಯ ಹಿತ್ತಲಲ್ಲಿ ಮಾಡುತ್ತಿದ್ದಾಗ ಇದು ಬರೀ 6,000 ಇತ್ತು.

ಇನ್ನು ರೊಟ್ಟಿಯ ಖರ್ಚು. ಜೋಳ ಕಿಲೋಗೆ 45, ಹಸನು ಮಾಡಿ ಗಿರಣಿಗೆ ಹಾಕಿಸಲು 5, ಅಲ್ಲಿಗೆ ಹಿಟ್ಟು ಕಿಲೋಗೆ 50. ಕಿಲೋ ಹಿಟ್ಟಿಗೆ 20 ರೊಟ್ಟಿ ಎಂದರೆ ರೊಟ್ಟಿಗೆ ಎರಡೂವರೆ ರೂಪಾಯಿ. ಬಡಿದು ಬೇಯಿಸುವ ಕೂಲಿ ಒಂದೂವರೆ. ಸಿಲಿಂಡರಿಗೆ 1,800 ಕೊಟ್ಟು 3,000 ರೊಟ್ಟಿ ತೆಗೆಯುತ್ತೀರಿ, ಅದು 60 ಪೈಸೆ. ನಿಮ್ಮ 4 ರೂಪಾಯಿ 60 ಪೈಸೆ ಇಲ್ಲಿಗೆ ನಿಂತಿದೆ. ಆದರೆ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಹತ್ತು ರೊಟ್ಟಿಯ ಕವರು, ಚೀಟಿ ಸೇರಿ 2 ರೂಪಾಯಿ, ಅಂದರೆ ರೊಟ್ಟಿಗೆ 20 ಪೈಸೆ. ಈಗ 4.80 ಆಯಿತು. ಪಟ್ಟಿಯ ಕೊನೆಗೆ ನೀವೇ, "ನೂರಕ್ಕೆ ನಾಲ್ಕು ಮುರಿಯುತ್ತವೆ" ಎಂದು ಬರೆದಿದ್ದೀರಿ, ಲೆಕ್ಕಕ್ಕೆ ಮಾತ್ರ ಹಿಡಿದಿಲ್ಲ. ನೂರು ರೊಟ್ಟಿಗೆ 480 ರೂಪಾಯಿ ಹಾಕಿ ಮಾರುವುದು 96 ಎಂದಾದರೆ, ಮಾರಿದ ಪ್ರತಿ ರೊಟ್ಟಿಯ ಖರ್ಚು ಸರಿಯಾಗಿ 5 ರೂಪಾಯಿ. ಹಾಸ್ಟೆಲಿನ ರೊಟ್ಟಿಗೆ ಇದರ ಮೇಲೆ ಆಟೋ ಬಾಡಿಗೆ ಇದೆ. ದಿನಕ್ಕೆ 120 ರೂಪಾಯಿ ಕೊಟ್ಟು 400 ರೊಟ್ಟಿ ಕಳಿಸುತ್ತೀರಿ, ಇನ್ನೊಂದು 30 ಪೈಸೆ.

ಅಂಗಡಿಗೆ ಹೋಗುವ ರೊಟ್ಟಿ 8ಕ್ಕೆ ಮಾರಿ 5 ಕಳೆದರೆ ಕೈಯಲ್ಲಿ 3 ರೂಪಾಯಿ ಬಿಡುತ್ತದೆ. ಹಾಸ್ಟೆಲಿನ ರೊಟ್ಟಿ 6ಕ್ಕೆ ಮಾರಿ 5.30 ಕಳೆದರೆ 70 ಪೈಸೆ ಬಿಡುತ್ತದೆ. ಅದೇ ಹಿಟ್ಟು, ಅದೇ ಹಂಚು, ಅದೇ ಕೈ. ಒಂದು ರೊಟ್ಟಿಯ ಗಳಿಕೆ ಇನ್ನೊಂದರ ಕಾಲುಭಾಗವೂ ಇಲ್ಲ.

ನಿಮ್ಮ ದುಡ್ಡು ಎಲ್ಲಿ ಹೋಯಿತು ಎನ್ನುವುದು ಇದರಲ್ಲೇ ಇದೆ. ಗುತ್ತಿಗೆದಾರರ 10,000 ರೊಟ್ಟಿಯಿಂದ 14,000 ಬರುತ್ತದೆ ಎಂದು ನಂಬಿ 14,000ದ ಖರ್ಚು ಕಟ್ಟಿಕೊಂಡಿರಿ. ಬಂದದ್ದು 7,000. ಉಳಿದ 7,000ವನ್ನು ನಿಮ್ಮ ಹಳೆಯ ಅಂಗಡಿ ವ್ಯಾಪಾರ ತುಂಬಿಕೊಡುತ್ತಿದೆ. ಮೊದಲಿನ 24,000ದಲ್ಲಿ ಅಷ್ಟು ಹೋಗಿ 17,000, ಅದರಲ್ಲಿ ಕೈಗಡದ ಬಡ್ಡಿ 1,200 ಹೋಗಿ 15,800. ನೀವು ಹೇಳಿದ "16,000 ಸಿಕ್ಕರೆ ದೊಡ್ಡದು" ಎನ್ನುವ ಮಾತಿಗೆ ನೂರಿನ್ನೂರರ ಹೆಚ್ಚುಕಡಿಮೆಯಲ್ಲಿ ಹೊಂದುತ್ತದೆ. ಯಾರೂ ಕದ್ದಿಲ್ಲ, ಯಾವ ದೃಷ್ಟಿಯೂ ತಾಗಿಲ್ಲ. ಕವರು, ಮುರುಕು, ಆಟೋ ಎಂಬ ಮೂರು ಸಣ್ಣ ಖರ್ಚು ಸೇರಿ ರೊಟ್ಟಿಗೆ 70 ಪೈಸೆ ತೆಗೆದುಕೊಂಡು ಹೋಗುತ್ತಿವೆ.

ನೀವು ಪಟ್ಟಿಯಲ್ಲಿ ಬರೆಯದೇ ಬಿಟ್ಟ ಖರ್ಚು ಇನ್ನೊಂದಿದೆ: ನಿಮ್ಮ ಕೂಲಿ. ಬೆಳಗಿನ ನಾಲ್ಕಕ್ಕೆ ಎದ್ದು ಎಸರಿಡುವವರು ನೀವು, ಹಿಟ್ಟು ನಾದುವವರು ನೀವು, ಸಂಜೆ ಅಂಗಡಿಗಳ ವಸೂಲಿಗೆ ಹೋಗುವವರೂ ನೀವು. ಇದಿಷ್ಟನ್ನೂ ಬೇರೆಯವರಿಂದ ಮಾಡಿಸಿದರೆ ತಿಂಗಳಿಗೆ 15,000ಕ್ಕೆ ಕಡಿಮೆ ಯಾರೂ ಬರುವುದಿಲ್ಲ. ಅದನ್ನು ಕಳೆದು ನೋಡಿದರೆ ಧಂದೆಯ ಲಾಭ ಎನ್ನಲು ಉಳಿಯುವುದು 800 ರೂಪಾಯಿ. ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಹಾಕದ ಅಭ್ಯಾಸ ಎಷ್ಟೋ ಸಣ್ಣ ಉದ್ಯೋಗಗಳಲ್ಲಿ ಕಾಣುತ್ತದೆ. ದರ ಮಾತಾಡಲು ಕೂತಾಗ ಅದರ ಏಟು ಬೀಳುವುದು ನಿಮಗೇ. ನಿಮ್ಮ ದುಡಿಮೆ ಬಿಟ್ಟಿ ಎಂದು ನೀವೇ ಹಿಡಿದುಕೊಂಡರೆ ಎದುರಿಗೆ ಕೂತವರು ಅದನ್ನು ಲೆಕ್ಕಕ್ಕೆ ತಗೊಳ್ಳುವುದು ಹೇಗೆ? ಇವತ್ತೇ ಪಟ್ಟಿಗೆ ಸೇರಿಸಿ.

ಈಗ ಗುತ್ತಿಗೆದಾರರ ಹೊಸ ಮಾತಿಗೆ ಬರೋಣ. ದಿನಕ್ಕೆ 800, ಅಂದರೆ ತಿಂಗಳಿಗೆ 20,000 ರೊಟ್ಟಿ, ಐದೂವರೆಯಂತೆ. ಐದೂವರೆಯಲ್ಲಿ 5.30 ಹೋದರೆ 20 ಪೈಸೆ. 20,000ಕ್ಕೆ 4,000 ರೂಪಾಯಿ. ಈಗ 10,000 ರೊಟ್ಟಿ ಕೊಟ್ಟು 7,000 ಗಳಿಸುತ್ತಿದ್ದೀರಿ. ಮುಂದೆ ಎರಡರಷ್ಟು ಕೊಟ್ಟು 4,000 ಗಳಿಸುತ್ತೀರಿ. ಮಾರಾಟದ ಪುಸ್ತಕದಲ್ಲಿ 60,000 ಇದ್ದದ್ದು 1,10,000 ಆಗುತ್ತದೆ, ಕೈಯಲ್ಲಿ 3,000 ಕಡಿಮೆಯಾಗುತ್ತದೆ. ಅದಕ್ಕೆ ಇನ್ನೆರಡು ಒಲೆ ಬೇಕು, ಇನ್ನಿಬ್ಬರು ಬಡಿಯುವವರು ಬೇಕು, ಬಾಕಿ ನಿಲ್ಲುವ ದುಡ್ಡು 2,20,000ದವರೆಗೆ ಹೋಗುತ್ತದೆ, ಅದಕ್ಕೆ ತಕ್ಕಂತೆ ಕೈಗಡವೂ ಬೆಳೆಯುತ್ತದೆ. ಬೇಡವೇ ಬೇಡ.

"ಮಾರಾಟ ಹೆಚ್ಚಾದರೆ ಲಾಭ ತಾನಾಗಿ ಬರುತ್ತದೆ" ಎಂಬ ಮಾತು ಅರ್ಧ ನಿಜ. ಒಂದೊಂದು ರೊಟ್ಟಿಯೂ ನಾಲ್ಕು ಕಾಸು ಬಿಡುತ್ತಿದ್ದರೆ, ಮಾರಾಟ ಹೆಚ್ಚಿದಂತೆ ತಿಂಗಳ ಖರ್ಚು ಹೆಚ್ಚು ರೊಟ್ಟಿಗಳ ಮೇಲೆ ಹಂಚಿಹೋಗಿ ಲಾಭ ಬರುತ್ತದೆ. ನಿಮ್ಮ 20,000 ರೂಪಾಯಿ ತಿಂಗಳ ಖರ್ಚು ಹುಟ್ಟಬೇಕಾದರೆ ಅಂಗಡಿಯ ರೊಟ್ಟಿಯಾದರೆ 6,667 ಸಾಕು. ಹಾಸ್ಟೆಲಿನ ರೊಟ್ಟಿಯಿಂದಲೇ ಹುಟ್ಟಿಸಬೇಕೆಂದರೆ 28,572 ಬೇಕು. ಐದೂವರೆಯ ದರದಲ್ಲಿ ಒಂದು ಲಕ್ಷ ರೊಟ್ಟಿ ಬೇಕು, ದಿನಕ್ಕೆ 4,000. ನಿಮ್ಮ ಶೆಡ್ಡಿನಲ್ಲಿ ಅಷ್ಟು ಹಂಚುಗಳೇ ಹಿಡಿಸುವುದಿಲ್ಲ.

ಹಾಸ್ಟೆಲಿನ ವ್ಯಾಪಾರದಲ್ಲಿ ಇನ್ನೊಂದು ತೊಡಕಿದೆ. ರಜೆಯಲ್ಲಿ ಹುಡುಗರು ಊರಿಗೆ ಹೋದರೆ ಆ ತಿಂಗಳು ರೊಟ್ಟಿ ಇಲ್ಲ, ಶೆಡ್ಡಿನ ಬಾಡಿಗೆ ಮಾತ್ರ ಇರುತ್ತದೆ. ಅಂಥ ತಿಂಗಳು ಅಂಗಡಿಗಳಿಂದ ಬರುವ 30,000ದಲ್ಲಿ 20,000 ಹೋಗಿ ಬಡ್ಡಿಗೆ ಮೊದಲು ನಿಮಗೆ ಉಳಿಯುವುದು 10,000. ಇಂಥ ತಿಂಗಳು ವರ್ಷದಲ್ಲಿ ಎಷ್ಟು ಬರುತ್ತದೆ ಎಂದು ಕಾಲೇಜುಗಳ ರಜೆಪಟ್ಟಿ ನೋಡಿ ಈಗಲೇ ಬರೆದಿಟ್ಟುಕೊಳ್ಳಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ಕೈಯಲ್ಲಿ ಇರುವುದು ಮೂರೇ: ಖರ್ಚು ಇಳಿಸುವುದು, ಹೆಚ್ಚು ಮಾರುವುದು, ದರ ಏರಿಸುವುದು. ನೀವು ಮೊದಲೆರಡನ್ನು ಕೇಳಿದ್ದೀರಿ, ಮೂರನೆಯದನ್ನು ಬಾಯಿಗೇ ತಂದಿಲ್ಲ. ದರ ಏರಿಸಿದರೆ ಗಿರಾಕಿ ಹೋಗುತ್ತಾರೆ ಎಂಬ ಭಯ ಇರಬಹುದು. ಎಷ್ಟು ಗಿರಾಕಿ ಹೋದರೆ ನಷ್ಟ ಎನ್ನುವುದನ್ನು ಲೆಕ್ಕ ಹಾಕಿ ನೋಡಿದರೆ ಆ ಭಯ ಅರ್ಧ ಇಳಿಯುತ್ತದೆ.

ಗುತ್ತಿಗೆದಾರರಿಗೆ 6 ಇದ್ದದ್ದು 7 ಮಾಡಿದಿರಿ ಎನ್ನಿ. ರೊಟ್ಟಿ ಬಿಡುವ ದುಡ್ಡು 70 ಪೈಸೆಯಿಂದ 1 ರೂಪಾಯಿ 70 ಪೈಸೆಗೆ ಏರುತ್ತದೆ. ಅವರು 10,000ವನ್ನೇ ತೆಗೆದುಕೊಂಡರೆ 7,000ದ ಜಾಗದಲ್ಲಿ 17,000. ಸಿಟ್ಟಾಗಿ ಅರ್ಧಕ್ಕಿಳಿಸಿ 5,000 ತೆಗೆದುಕೊಂಡರೂ 8,500, ಈಗಿನದಕ್ಕಿಂತ ಹೆಚ್ಚೇ. 4,118ಕ್ಕಿಂತ ಕೆಳಗಿಳಿದರೆ ಮಾತ್ರ ನಿಮಗೆ ನಷ್ಟ. ಅಂಗಡಿಯ ರೊಟ್ಟಿಯನ್ನು 8ರಿಂದ 9 ಮಾಡಿದರೆ 3ರ ಬದಲು 4 ರೂಪಾಯಿ ಬಿಡುತ್ತದೆ, ಕಾಲುಭಾಗ ಗಿರಾಕಿ ಹೋಗಿ 7,500 ಮಾರಿದರೂ ಅದೇ 30,000. ಅದೇ ರೊಟ್ಟಿಯನ್ನು 7ಕ್ಕೆ ಇಳಿಸಿದರೆ? ಅದೇ 30,000 ನೋಡಲು 15,000 ಮಾರಬೇಕು. ಒಂದು ರೂಪಾಯಿ ಇಳಿಸಿದ ತಪ್ಪಿಗೆ ಒಂದೂವರೆ ಪಟ್ಟು ಬಡಿಯಬೇಕು. ಲಾಭದ ಅಂಚು ಕಡಿಮೆ ಇರುವ ಯಾವ ವ್ಯಾಪಾರದಲ್ಲೂ ಹೀಗೆಯೇ: ದರದಲ್ಲಿ ಅರ್ಧ ರೂಪಾಯಿ ಅಲುಗಿದರೆ ಲಾಭದಲ್ಲಿ ಸಾವಿರಗಳು ಅಲುಗುತ್ತವೆ.

ಆದರೆ ಅಂಗಡಿಯ ದರವನ್ನು ಈಗಲೇ ಮುಟ್ಟಬೇಡಿ ಎಂದೇ ಹೇಳುತ್ತೇನೆ. ಅಲ್ಲಿ ಗಿರಾಕಿ 10 ರೂಪಾಯಿಗೆ ಒಗ್ಗಿದ್ದಾರೆ, ಅಂಗಡಿಯವರು ತಮ್ಮ 2 ರೂಪಾಯಿ ಬಿಡುವುದಿಲ್ಲ, ಇಬ್ಬರ ನಡುವೆ ಎಳೆದಾಡಿ ಇರುವ ಒಳ್ಳೆಯ ವ್ಯಾಪಾರ ಕೆಡುವುದು ಬೇಡ. ಹತ್ತರ ಕವರಿನಲ್ಲಿ ಒಂಬತ್ತು ಇಡುವ, ರೊಟ್ಟಿಯ ಸುತ್ತಳತೆ ಇಳಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ರೊಟ್ಟಿ ತಿಂದು ಬೆಳೆದ ಊರು ಅದು. ಒಂದು ಬೆರಳು ಸಣ್ಣದಾದರೂ ಗೊತ್ತಾಗುತ್ತದೆ, ಹಾಗೆ ಕಳೆದುಕೊಂಡ ನಂಬಿಕೆ ದರ ಇಳಿಸಿದರೂ ತಿರುಗಿ ಬರುವುದಿಲ್ಲ. ದರ ಹೆಚ್ಚು ತರುವ ಬೇರೆ ರೊಟ್ಟಿ ಮಾಡಿ. ಸಂಕ್ರಾಂತಿಗೆ, ಎಳ್ಳಮವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕೆನ್ನುವ ಮನೆಗಳು ಎಷ್ಟಿವೆ! ಪಂಚಮಿಗೆ ಮೊದಲು ಬರುವ ರೊಟ್ಟಿ ಹಬ್ಬಕ್ಕೂ ಹಾಗೆಯೇ. ಎಲ್ಲರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಬಡಿಯುವವರಿಲ್ಲ, ಆಸೆ ಮಾತ್ರ ಹಾಗೇ ಇದೆ. ಅಂಥವರು ಹಬ್ಬದ ಸಜ್ಜೆ ರೊಟ್ಟಿಗೆ ಎರಡು ಮೂರು ರೂಪಾಯಿ ಹೆಚ್ಚು ಕೊಡಲು ಹಿಂದೆ ಮುಂದೆ ನೋಡುವುದಿಲ್ಲ, ರುಚಿ ಸರಿಯಿರಬೇಕು ಅಷ್ಟೆ. ಓಣಿಯ ಮನೆಗಳಿಗೆ, ಹತ್ತಿರದ ಅಪಾರ್ಟ್‌ಮೆಂಟುಗಳಿಗೆ ನೀವೇ ನೇರ 10 ರೂಪಾಯಿಗೆ ಕೊಟ್ಟರೆ ರೊಟ್ಟಿ 5 ರೂಪಾಯಿ ಬಿಡುತ್ತದೆ. ದಿನಕ್ಕೆ 56 ರೊಟ್ಟಿ, ಅಂದರೆ ಐದಾರು ಕವರು ಹೀಗೆ ಹೋದರೂ ತಿಂಗಳಿಗೆ 7,000. ಗುತ್ತಿಗೆದಾರರ 10,000 ರೊಟ್ಟಿ ಬಡಿದು ನೀವು ಕಾಣುತ್ತಿರುವುದೂ ಅಷ್ಟೇ.

ಕೂಲಿಯ ವಿಷಯ. ರೊಟ್ಟಿಗೆ ಒಂದೂವರೆಯಿಂದ 15 ಪೈಸೆ ಇಳಿಸಿದರೆ ತಿಂಗಳಿಗೆ 3,000 ಉಳಿದಂತೆ ಕಾಗದದ ಮೇಲೆ ಕಾಣುತ್ತದೆ. ಆದರೆ ಎಸರು ಕುದಿದ ಹದ ನೋಡಿ ಹಿಟ್ಟು ನಾದಿ, ಅಂಚು ಸೀಳದಂತೆ ಕೈಯಿಂದ ತಿರುಗಿಸುತ್ತ ನಡುವಿನಷ್ಟೇ ತೆಳ್ಳಗೆ ಅಂಚನ್ನೂ ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರಿ, ಉಬ್ಬಿದ್ದನ್ನು ಬಟ್ಟೆಯಲ್ಲಿ ಒತ್ತಿ ತೆಗೆಯುವ ಕೈ ವರ್ಷಗಟ್ಟಲೆ ಪಳಗಿದ ಕೈ. ಆ ಒಲೆಯ ಮುಂದೆ ಭುಜ, ಬೆನ್ನು ಎರಡೂ ಸೋಲುತ್ತವೆ. ಬಡಿಯುವವರಲ್ಲಿ ಒಬ್ಬರು ಬಿಟ್ಟುಹೋಗಿ ಹೊಸಬರು ಬಂದರೆ ರೊಟ್ಟಿ ದಪ್ಪವಾಗುತ್ತದೆ, ಹಿಟ್ಟು ಹೆಚ್ಚು ಹಿಡಿಯುತ್ತದೆ, ಮುರಿಯುವುದು ನೂರಕ್ಕೆ ನಾಲ್ಕರ ಜಾಗದಲ್ಲಿ ಎಂಟು ಆಗುತ್ತದೆ. ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಮಾತು, ನಿಮ್ಮ ರೊಟ್ಟಿಗೆ 8 ರೂಪಾಯಿ ಬರುತ್ತಿರುವುದೇ ಆ ಕೈಗಳಿಂದ. ಗುತ್ತಿಗೆದಾರರು ಇಳಿಸಿದ ದರದ ಭಾರವನ್ನು ಬಡಿಯುವವರ ಹೆಗಲಿಗೆ ದಾಟಿಸುವುದು ನ್ಯಾಯವಲ್ಲ.

ಖರ್ಚು ಇಳಿಸಲು ಬೇರೆ ಜಾಗಗಳಿವೆ. ಮುರುಕನ್ನೇ ಹಿಡಿಯಿರಿ. ನಾಲ್ಕು ಇದ್ದದ್ದು ಎರಡಾದರೆ ರೊಟ್ಟಿಗೆ 10 ಪೈಸೆ, ತಿಂಗಳಿಗೆ ಸುಮಾರು 2,000. ಒಂದು ವಾರ ಮುರುಕು ರೊಟ್ಟಿಯನ್ನು ಮೂರು ಬುಟ್ಟಿಗೆ ಹಾಕಿ: ಹಂಚಿನ ಮೇಲೆ ಮುರಿದದ್ದು, ಕವರಿಗೆ ತುಂಬುವಾಗ ಮುರಿದದ್ದು, ಆಟೋದಲ್ಲಿ ಮುರಿದು ವಾಪಸ್ಸು ಬಂದದ್ದು. ಆಟೋದ್ದೇ ಹೆಚ್ಚು ಎಂದು ನನ್ನ ಅಂದಾಜು. ಹಾಗಿದ್ದರೆ ಹಾಸ್ಟೆಲಿಗೆ ಹತ್ತರ ಕವರು ಯಾಕೆ ಬೇಕು? ಅವರು ಅಡುಗೆಮನೆಗೆ ಹೋದ ಕೂಡಲೆ ಬಿಚ್ಚಿ ಬುಟ್ಟಿಗೆ ಹಾಕುವುದೇ ತಾನೆ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಕ್ರೇಟಿನಲ್ಲಿ ಅಡಿಗೆ ಬಟ್ಟೆ ಹಾಸಿ, ನೆಟ್ಟಗೆ ಪೇರಿಸಿ ಕಳಿಸಿ, ಖಾಲಿ ಕ್ರೇಟು ಮರುದಿನ ತನ್ನಿ. ಕವರಿನ 20 ಪೈಸೆಯೂ ಉಳಿಯುತ್ತದೆ. ಪೂರ್ತಿ ಆರುವ ಮೊದಲು ಮುಚ್ಚಿದ ರೊಟ್ಟಿ ಬೆವರಿ ಮೆತ್ತಗಾಗುತ್ತದೆ, ಅದನ್ನೂ ನೋಡಿಕೊಳ್ಳಿ. ಶೆಡ್ಡಿನಲ್ಲೇ ಮುರಿದ ರೊಟ್ಟಿಯನ್ನು ಚೂರು ಮಾಡಿ ಒಗ್ಗರಣೆ ಕೊಟ್ಟು ಸಂಜೆಗೆ ಮಾರಿದರೆ ಹಿಟ್ಟಿನ ದುಡ್ಡಾದರೂ ಹುಟ್ಟುತ್ತದೆ.

ಜೋಳದ ಖರೀದಿಯೂ ದೊಡ್ಡ ಜಾಗವೇ. ನಿಮಗೆ ತಿಂಗಳಿಗೆ ಹತ್ತು ಕ್ವಿಂಟಲಿನ ಮೇಲೆ ಬೇಕು. ಕಿಲೋಗೆ 5 ರೂಪಾಯಿ ಏರಿದರೆ ತಿಂಗಳಿಗೆ 5,200 ಹೋಗುತ್ತದೆ, ಅಂದರೆ ನಿಮ್ಮ ಕೈಗೆ ಬರುವುದರ ಮೂರನೆಯ ಒಂದು ಭಾಗ. ಹಿಂಗಾರಿ ಬಿಳಿಜೋಳ, ಮಾಲದಂಡಿಯೂ ಸೇರಿ, ಫೆಬ್ರವರಿ ಮಾರ್ಚಿಗೆ ರಾಶಿಯಾಗಿ ಪೇಟೆಗೆ ಬರುತ್ತದೆ. ಆಗ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ರೈತರಿಂದ ಒಟ್ಟಿಗೆ ಮೂರು ನಾಲ್ಕು ತಿಂಗಳ ಜೋಳ ತಂದರೆ ದರ ಸಿಗುತ್ತದೆ. ಆದರೆ ನೂರಕ್ಕೆ ಎರಡರ ಬಡ್ಡಿಗೆ ಸಾಲ ತಂದು ವರ್ಷದ ಜೋಳ ತುಂಬಬೇಡಿ. ಆರು ತಿಂಗಳಿಟ್ಟ ಜೋಳದ ಮೇಲೆ ನೂರಕ್ಕೆ ಹನ್ನೆರಡು ಬಡ್ಡಿ ಕೂರುತ್ತದೆ, ಅದರ ಮೇಲೆ ನುಸಿ ಬೇರೆ. ಸ್ವಸಹಾಯ ಸಂಘದಲ್ಲಿದ್ದರೆ ಅಲ್ಲಿಯ ಸಾಲ ಕೇಳಿ.

ಮಷಿನ್ ಯಾಕೆ ಬೇಡ ಎಂದೆ? ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿಟ್ಟರು, ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಇನ್ನೂ ಶೇ 15 ಸೇರಿಸಿತು. ಒಳ್ಳೆಯ ಯೋಜನೆ. ಆದರೆ ಇದು ಬ್ಯಾಂಕ್ ಸಾಲಕ್ಕೆ ಕಟ್ಟಿದ ಸಹಾಯಧನ. ಕಂತು ತಿಂಗಳ ತಿಂಗಳ ಕಟ್ಟಲೇಬೇಕು. ಮಷಿನ್ ಬಂದರೆ ರೊಟ್ಟಿಯ ಖರ್ಚು ಇಳಿದು ತಿಂಗಳ ಖರ್ಚು ಏರುತ್ತದೆ. ಕೂಲಿಯಲ್ಲಿ ರೊಟ್ಟಿಗೆ 60 ಪೈಸೆ ಉಳಿದು, ಕಂತು 9,000 ಬಂತು ಎಂದು ಹಿಡಿಯಿರಿ. 15,000 ರೊಟ್ಟಿಯ ಮೇಲೆ ಮಾರಿದರೆ ಮಾತ್ರ ಮಷಿನ್ನಿನಿಂದ ಲಾಭ, ಕೆಳಗಿಳಿದರೆ ಕಂತೂ ಕೈಯಿಂದ. ಇವತ್ತು ನಿಮ್ಮ 20,000ದಲ್ಲಿ ಅರ್ಧ ಒಬ್ಬರೇ ಗಿರಾಕಿಯದು. ಮಷಿನ್ ತಂದ ಮೇಲೆ ನೀವು ಅವರು ಹೇಳಿದ ದರಕ್ಕೆಲ್ಲ ತಲೆಯಾಡಿಸಬೇಕಾಗುತ್ತದೆ, ಯಾಕೆಂದರೆ ಮಷಿನ್ನು ನಿಲ್ಲುವಂತಿಲ್ಲ. ಅಂಗಡಿಗಳು ಮತ್ತು ಮನೆಗಳಿಂದಲೇ 15,000 ದಾಟಿದ ದಿನ ಈ ಮಾತು ಮತ್ತೆ ತೆಗೆಯಿರಿ. ಕೈರೊಟ್ಟಿ ಎಂದೇ ಕೊಳ್ಳುವ ಗಿರಾಕಿ ಮಷಿನ್ ರೊಟ್ಟಿಯನ್ನು ಒಪ್ಪುತ್ತಾರೆಯೇ ಎಂಬುದನ್ನೂ ಆಗ ಬೇರೆ ಕಡೆಯ ರೊಟ್ಟಿ ತಂದು ತಿನ್ನಿಸಿ ನೋಡಿ.

ಬಾಕಿಯ ದುಡ್ಡು. ಗುತ್ತಿಗೆದಾರರ ಹತ್ತಿರ ಎರಡು ತಿಂಗಳಿಗೆ 1,20,000 ರೂಪಾಯಿ ನಿಲ್ಲುತ್ತದೆ. ಅವರ ಸಲುವಾಗಿ ನೀವು ತಿಂಗಳಿಗೆ 1,200 ಬಡ್ಡಿ ಕಟ್ಟುತ್ತೀರಿ. ಆ ಬಡ್ಡಿ ಅವರ ರೊಟ್ಟಿಗೇ ಸೇರಬೇಕಾದ ಖರ್ಚು, ಅದನ್ನು ಕಳೆದರೆ 70 ಪೈಸೆ 58 ಪೈಸೆಗೆ ಇಳಿಯುತ್ತದೆ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ದುಡ್ಡಿಲ್ಲ, ಆಧಾರ್, ಪ್ಯಾನ್ ಸಾಕು, ಮಧ್ಯವರ್ತಿಗೆ ಕೊಡಬೇಡಿ. ನೋಂದಣಿ ಇರುವ ಕಿರು ಉದ್ದಿಮೆಯ ಬಿಲ್ಲನ್ನು, ಬರವಣಿಗೆಯಲ್ಲಿ ಕರಾರಿದ್ದರೂ 45 ದಿನ ಮೀರಿ ಬಾಕಿ ಇಡುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ಇದು 2006ರ ಎಂಎಸ್‌ಎಂಇ ಕಾಯಿದೆಯ ಮಾತು. ಮೀರಿದರೆ ಬಡ್ಡಿ ಕೊಡಬೇಕಾಗುತ್ತದೆ. ಕಾಯಿದೆ ಹಿಡಿದು ಜಗಳಕ್ಕೆ ಹೋಗಿ ಎಂದು ಹೇಳುತ್ತಿಲ್ಲ. ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಅಚ್ಚು ಹಾಕಿಸಿ, ಹದಿನೈದು ದಿನಕ್ಕೊಮ್ಮೆ ಬಿಲ್ಲು ಕೊಡಿ.

ಫೋನಿನ ದುಡ್ಡಿನ ಭಯ ಎಲ್ಲಿಂದ ಬಂತು ಎಂದು ಗೊತ್ತು. 2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಎಷ್ಟೋ ಅಂಗಡಿಗಳವರು ಕ್ಯೂಆರ್ ಚೀಟಿ ಹರಿದು ಹಾಕಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಿಮ್ಮದು 16 ಲಕ್ಷ 80 ಸಾವಿರ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗಳ ಮೇಲಿನ ತೆರಿಗೆಯೇ ಹೋಗಿದೆ. ನಿಶ್ಚಿಂತೆಯಾಗಿ ತಗೊಳ್ಳಿ. ಮನೆಯ ಲೆಕ್ಕಕ್ಕೂ ವ್ಯಾಪಾರಕ್ಕೂ ಬೇರೆ ಬೇರೆ ಖಾತೆ ಇರಲಿ, ಅಷ್ಟೆ. ಮಕ್ಕಳ ಫೀಸು ಮತ್ತು ಜೋಳದ ದುಡ್ಡು ಒಂದೇ ಖಾತೆಯಲ್ಲಿ ಓಡಾಡುತ್ತಿದ್ದರೆ ನಾನು ಮೇಲೆ ಹಾಕಿದ ಲೆಕ್ಕವನ್ನು ಮುಂದಿನ ತಿಂಗಳು ನೀವು ಹಾಕಲಾಗುವುದಿಲ್ಲ.

ಈಗ ಗುತ್ತಿಗೆದಾರರ ಮುಂದೆ ಕೂರುವ ಮಾತು. ಹೆದರಿಕೊಂಡು ಹೋಗಬೇಡಿ, ನಿಮ್ಮ ಹತ್ತಿರ ಒಂದು ಅಂಕಿ ಇದೆ. ಅವರು ಪೂರ್ತಿ ಬಿಟ್ಟುಹೋದರು, ನೀವು ಶೆಡ್ ಖಾಲಿ ಮಾಡಿ ಹಿತ್ತಲಿಗೆ ಮರಳಿದಿರಿ ಎಂದೇ ಇಟ್ಟುಕೊಳ್ಳಿ. ಅಂಗಡಿಯ 30,000ದಲ್ಲಿ ಮೊದಲಿನ 6,000, ತೀರದ ಸಾಲದ ಕಂತು 4,000 ಹೋಗಿ 20,000 ಉಳಿಯುತ್ತದೆ. ಅವರಿಂದ ಬರಬೇಕಾದ ಬಾಕಿ ಬಂದರೆ ಕೈಗಡವೂ ತೀರುತ್ತದೆ. ಅಂದರೆ ಆ ಆರ್ಡರು ಇಲ್ಲದೆಯೇ ನೀವು ಇವತ್ತಿಗಿಂತ 4,000 ಮೇಲಿರುತ್ತೀರಿ.

ಹೋಗಿ ಹೀಗೆ ಹೇಳಿ: "ಅಣ್ಣಾರ, ಐದೂವರೆಗೆ ಆಗೂದಿಲ್ರಿ. ಆರಕ್ಕೂ ಇನ್ನ ಆಗೂದಿಲ್ಲ. ಏಳು ರೂಪಾಯಿ, ಹದಿನೈದು ದಿನಕ್ಕೊಮ್ಮೆ ರೊಕ್ಕ. ಜೋಳ ಕ್ವಿಂಟಲ್‌ಗೆ 400 ಏರಿದರ ರೊಟ್ಟಿಗೆ 20 ಪೈಸೆ ಏರಬೇಕು, ಇಳದರ ನಾವೂ ಇಳಸ್ತೀವಿ." ಕೊನೆಯ ಮಾತನ್ನು ಬಿಡಬೇಡಿ. ಏರಿಕೆಯ ಜೊತೆ ಇಳಿಕೆಯನ್ನೂ ಒಪ್ಪಿಕೊಂಡರೆ ನಿಮ್ಮ ಮಾತು ಅವರಿಗೆ ನ್ಯಾಯವಾಗಿ ಕೇಳುತ್ತದೆ. ಅವರು ಎಳೆದಾಡಿ ಆರೂವರೆಗೆ ಬಂದರೆ, ದುಡ್ಡು ಹದಿನೈದು ದಿನಕ್ಕೆ ಬರುವುದು ಖಾತ್ರಿಯಾಗಿ, ಕವರಿನ ಬದಲು ಕ್ರೇಟು ಆಗುವುದಾದರೆ ಒಪ್ಪಬಹುದು. ಆಗ ರೊಟ್ಟಿ 1 ರೂಪಾಯಿ 40 ಪೈಸೆ ಬಿಡುತ್ತದೆ. ನೀವು ಮೊದಲ ದಿನ ಲೆಕ್ಕ ಹಾಕಿದ್ದೂ ಅಷ್ಟನ್ನೇ, ಅಲ್ಲಿಗೆ ಶೆಡ್ಡು ತನ್ನ ಖರ್ಚು ತಾನು ನೋಡಿಕೊಳ್ಳುತ್ತದೆ. ಅದರ ಕೆಳಗೆ ಇಳಿಯಬೇಡಿ.

ಅವರು ಎದ್ದುಹೋದರೆ ಈ ಆರ್ಡರಿಗೆಂದು ಹೊಸದಾಗಿ ಬಂದ ಹೆಣ್ಣುಮಕ್ಕಳ ಕೆಲಸ ಏನಾಗುತ್ತದೆ ಎಂಬ ಸಂಕಟ ನಿಮಗಿರುತ್ತದೆ, ಇರಬೇಕು. ಅವರಿಗೆ ಒಂದು ತಿಂಗಳ ಮೊದಲೇ ಇದ್ದದ್ದು ಇದ್ದಂತೆ ಹೇಳಿ. ಶೆಡ್ಡಿನ ಮಾಲೀಕರಿಗೆ ಕೊಡಬೇಕಾದ ನೋಟಿಸು ಎಷ್ಟು ದಿನದ್ದೆಂದು ಕರಾರುಪತ್ರ ತೆಗೆದು ನೋಡಿಕೊಳ್ಳಿ. ಆ ಒಂದು ತಿಂಗಳಲ್ಲಿ ಆ ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಬಡಿಯುವುದರಿಂದ ಬಿಡಿಸಿ, ಬಡಿದರೆ ಬರುತ್ತಿದ್ದಷ್ಟೇ ಕೂಲಿ ಕೊಟ್ಟು, ಮನೆಮನೆಗೆ ರೊಟ್ಟಿ ಕೊಡಲು ಕಳಿಸಿ. ದಿನಕ್ಕೆ ಹತ್ತು ಕವರು ಹೊಸ ಮನೆಗಳಿಗೆ ಹೋಗಲು ಶುರುವಾದರೆ ತಿಂಗಳಿಗೆ 12,500 ಬರುತ್ತದೆ. ಕೂಲಿ ಕೊಟ್ಟು ಮಿಕ್ಕದ್ದು ನಿಮ್ಮದು, ಅವರ ಕೆಲಸವೂ ಉಳಿಯುತ್ತದೆ.